ಹಂದಿ ಮಾಂಸದ ಕಮಟು ವಾಸನೆ: ಮೇವಿನಲ್ಲಿ ನಾವು ಮಾಡಿಕೊಂಡ ಬದಲಾವಣೆ

ಕರಾವಳಿಯ ಶಿರ್ವ, ಬೆಳ್ಮಣ್, ಕಿನ್ನಿಗೋಳಿ ಕಡೆ ಹಂದಿ ಸಾಕುವವರಿಗೆ ಅಗ್ಗದಲ್ಲಿ ಸಿಗುವ ಪ್ರೋಟೀನ್ ಎಂದರೆ ಮೀನು. ಬೂತಾಯಿಯ (ಮತ್ತಿ ಮೀನಿನ) ತಲೆ, ಕರುಳು, ಮಲ್ಪೆ-ಉಳ್ಳಾಲದ ಫಿಶ್‌ಮೀಲ್ (ಒಣಗಿಸಿದ ಮೀನಿನ ಪುಡಿ), ಜೊತೆಗೆ ಹೋಟೆಲಿನ ಉಳಿಕೆ. ತೂಕ ಚೆನ್ನಾಗಿಯೇ ಬರುತ್ತದೆ. ದೂರು ಬರುವುದು ಅಡುಗೆಮನೆಯಿಂದ: ಮೊದಲ ದಿನ ಸರಿಯಿದ್ದ ಮಾಂಸವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡಿದರೆ ಕಮಟು ವಾಸನೆ. ಕೊಬ್ಬು ಮೆತ್ತಗೆ, ಕೆಲವೊಮ್ಮೆ ಹಳದಿ.

ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನ ಎಣ್ಣೆಯನ್ನು ಬಹುಪಾಲು ಗಟ್ಟಿ ಕೊಬ್ಬಾಗಿ ಬದಲಿಸುತ್ತವೆ. ಹಂದಿಯಲ್ಲಿ ಆ ವ್ಯವಸ್ಥೆ ಇಲ್ಲ. ತಿಂದ ಎಣ್ಣೆಯ ಗುಣವೇ ಮೈಯ ಕೊಬ್ಬಿಗೆ ಬರುತ್ತದೆ. ಬೂತಾಯಿ ಎಣ್ಣೆ ಗಾಳಿ ತಾಗಿದರೆ ಬೇಗ ಕೆಡುವ ಜಾತಿಯದು. ಅದು ಸ್ನಾಯುವಿನ ಜೀವಕೋಶಗಳ ಪೊರೆಗೆ ಸೇರಿದರೆ ಕೊಯ್ದ ಮೇಲೆ ಮಾಂಸವೂ ಬೇಗ ಕೆಡುತ್ತದೆ.

ಇದಕ್ಕೆ, ಮೈಯೊಳಗಿನ ಎಣ್ಣೆ ಕೆಡದಂತೆ ತಡೆಯುವ ವಿಟಮಿನ್ ಇ ಕೊಡಿ ಎನ್ನುತ್ತಾರೆ. ಸರಿಯೇ, ಆದರೆ ಅರ್ಧ ಮಾತ್ರ. ಅಂಗಡಿಯಲ್ಲಿ ಸಿಗುವುದು ಟೋಕೋಫೆರಾಲ್ ಅಸಿಟೇಟ್, ಅಂದರೆ ಅಸಿಟೇಟ್ ಅಂಟಿಸಿದ ವಿಟಮಿನ್ ಇ. ಹಂದಿಯ ಕರುಳಿನಲ್ಲಿ ಅಸಿಟೇಟ್ ಭಾಗ ಕಳಚಿದ ಮೇಲೆಯೇ ಅದಕ್ಕೆ ಕೆಲಸ. ಅಂದರೆ ಚೀಲದಲ್ಲಿರುವ ಮೇವನ್ನು ಅದು ಕಾಯುವುದಿಲ್ಲ. ಚೀಲದ ಮೇವು ಕಾಯಲು ಬಿಎಚ್‌ಟಿಯಂಥದ್ದು (ಎಣ್ಣೆ ಕಮಟು ಹಿಡಿಯದಂತೆ ಬೆರೆಸುವ ರಾಸಾಯನಿಕ) ಬೇಕು, ಅದು ಮಾಂಸಕ್ಕೆ ಹೇಳಿಕೊಳ್ಳುವಷ್ಟು ಸೇರುವುದಿಲ್ಲ. ಒಂದರ ಕೆಲಸ ಇನ್ನೊಂದು ಮಾಡದು. ಕಮಟಾದ ಮೇವಿಗೆ ದುಬಾರಿ ವಿಟಮಿನ್ ಬೆರೆಸಿದರೆ, ಆ ಕೆಟ್ಟ ಎಣ್ಣೆಯನ್ನು ಎದುರಿಸುವುದರಲ್ಲೇ ಅದು ಖರ್ಚಾಗಿ ಹೋಗುತ್ತದೆ.

ಹಾಗಾಗಿ ಮೊದಲು ಮೇವು. ಕೊಯ್ಯುವ ಮುಂಚಿನ ಆರು ವಾರ ಮೀನಿನ ಉಳಿಕೆ, ಫಿಶ್‌ಮೀಲ್, ಹೋಟೆಲಿನ ಕರಿದ ಎಣ್ಣೆ ಮೂರೂ ಬಂದ್. ಕರಿದ ಎಣ್ಣೆ ಬರುವಾಗಲೇ ಕೆಟ್ಟಿರುತ್ತದೆ, ಬಿಎಚ್‌ಟಿ ಹಾಕಿದರೂ ಹಿಂದಕ್ಕೆ ಬರುವುದಿಲ್ಲ. ಆ ಜಾಗಕ್ಕೆ ಸೋಯಾ ಹಿಂಡಿ, ತೆಂಗಿನ ಹಿಂಡಿ. ತೆಂಗಿನ ಕೊಬ್ಬು ಸುಲಭಕ್ಕೆ ಕೆಡದು, ಹಂದಿಯ ಕೊಬ್ಬನ್ನೂ ಗಟ್ಟಿ ಮಾಡುತ್ತದೆ. ಕುಚ್ಚಲಕ್ಕಿ ಮಿಲ್ಲಿನ ತೌಡಿನ ಬಗ್ಗೆ ಎಚ್ಚರ ಬೇಕು. ಭತ್ತ ಬೇಯಿಸುವಾಗ ಎಣ್ಣೆ ಒಡೆಯುವ ಕಿಣ್ವ ಸಾಯುವುದರಿಂದ ಅದು ಬೆಳ್ತಿಗೆ (ಭತ್ತ ಬೇಯಿಸದೆ ಮಾಡಿದ ಅಕ್ಕಿ) ತೌಡಿನಷ್ಟು ಬೇಗ ಹುಳಿಯಾಗುವುದಿಲ್ಲ. ಆದರೆ ತೌಡಿನಲ್ಲೇ ಇದ್ದ ರಕ್ಷಕ ಅಂಶಗಳೂ ಒಂದಷ್ಟು ಹೋಗಿರುತ್ತವೆ, ಗಾಳಿಗೆ ಕಮಟು ಹಿಡಿಯುತ್ತದೆ. ಮಳೆಗಾಲದಲ್ಲಿ ಹತ್ತು ದಿನಕ್ಕಾಗುವಷ್ಟೇ ತರಿಸುತ್ತೇವೆ. ಬಿಎಚ್‌ಟಿ 100 ಕೆಜಿ ಮೇವಿಗೆ 12 ಗ್ರಾಂ, ಅರೆಯುವ ದಿನವೇ.

ಇನ್ನು ವಿಟಮಿನ್ ಇ. ಬೆಳೆಯುವ ಹಂದಿಯ ಆರೋಗ್ಯಕ್ಕೆ ಕೆಜಿ ಮೇವಿಗೆ 11 ಯೂನಿಟ್ (ವಿಟಮಿನ್ ಅಳೆಯುವ ಮಾನ, ಐಯು) ಸಾಕು. ಮಾಂಸದ ಗುಣಕ್ಕೆ 200 ಯೂನಿಟ್ ಬೇಕು. ಶೇ. 50ರ ಪುಡಿಯಲ್ಲಿ ಗ್ರಾಂಗೆ 500 ಯೂನಿಟ್ ಇರುವುದರಿಂದ 100 ಕೆಜಿ ಮೇವಿಗೆ 40 ಗ್ರಾಂ. ದಿನಕ್ಕೆ ಎರಡೂವರೆ ಕೆಜಿ ತಿನ್ನುವ ಹಂದಿಗೆ ಇದು 1 ಗ್ರಾಂ ಪುಡಿ. ಇದೂ ಕೊನೆಯ ಆರು ವಾರ. ಸ್ನಾಯುವಿನಲ್ಲಿ ನಿಧಾನಕ್ಕೆ ಶೇಖರವಾಗುವುದರಿಂದ ಕೊನೆಯ ವಾರ ದುಪ್ಪಟ್ಟು ಕೊಟ್ಟು ಸರಿದೂಗಿಸಲು ಆಗುವುದಿಲ್ಲ.

40 ಗ್ರಾಂ ಪುಡಿಯನ್ನು ನೇರವಾಗಿ 100 ಕೆಜಿಗೆ ಸುರಿಯಬಾರದು. ಮೊದಲು ಅರ್ಧ ಕೆಜಿ ಜೋಳದ ಹಿಟ್ಟಿನಲ್ಲಿ, ಆಮೇಲೆ 3 ಕೆಜಿಯಲ್ಲಿ, ಆಮೇಲೆ 20 ಕೆಜಿಯಲ್ಲಿ ಕಲಸಿ, ಕೊನೆಗೆ ಎಲ್ಲದಕ್ಕೂ. ಖನಿಜ ಮಿಶ್ರಣದ ಜೊತೆ ಒಂದೇ ಡಬ್ಬಿಯಲ್ಲಿ ಕೂಡಿಸಿಡಬೇಡಿ. ಅದರಲ್ಲಿರುವ ತಾಮ್ರ, ಕಬ್ಬಿಣ ವಿಟಮಿನ್‌ಗಳನ್ನು ಹಾಳುಮಾಡುತ್ತವೆ. ಹೋಟೆಲ್ ಉಳಿಕೆಯನ್ನು ರೋಗದ ದೃಷ್ಟಿಯಿಂದ ಕುದಿಸಿಯೇ ಕೊಡಬೇಕು, ಆದರೆ ವಿಟಮಿನ್ ಆ ಗಂಜಿಗೆ ಬೇಡ. ಒಂದು ಕಡೆ ಗಟ್ಟಿ, ಒಂದು ಕಡೆ ನೀರು, ಜೋರಿನ ಹಂದಿಗೇ ಹೆಚ್ಚು ಪಾಲು. ಬೆಳಿಗ್ಗೆ ಹಸಿದಾಗ ಒಣಮೇವಿನಲ್ಲಿ ಕೊಟ್ಟರೆ ಎಲ್ಲಕ್ಕೂ ಸಿಗುತ್ತದೆ.

ಸೆಲೆನಿಯಂ ಎಂಬ ಖನಿಜ ಈ ಕೆಲಸದಲ್ಲಿ ವಿಟಮಿನ್ ಇ ಜೊತೆಗಾರ, ಆದರೆ ಕೆಜಿ ಮೇವಿಗೆ 0.3 ಮಿಲಿಗ್ರಾಂ ದಾಟುವುದು ಬೇಡ. 5 ಮಿಲಿಗ್ರಾಂ ದಾಟಿ ಕೆಲವು ವಾರ ತಿಂದರೆ ಕೂದಲು ಉದುರುತ್ತದೆ, ಗೊರಸು ಬಿರಿಯುತ್ತದೆ. ಖನಿಜ ಮಿಶ್ರಣದ ಚೀಟಿಯಲ್ಲಿ ಅದು ಆಗಲೇ ಇದೆಯೇ ಎಂದು ಓದಿಕೊಳ್ಳಿ. ಶುದ್ಧ ಸೆಲೆನೈಟ್ (ಸೆಲೆನಿಯಂನ ಲವಣ) ತಂದು ಮನೆಯ ತಕ್ಕಡಿಯಲ್ಲಿ ತೂಗುವ ಸಾಹಸ ಯಾರೂ ಮಾಡಬಾರದು.

ಅರಿಶಿನ, ಪುನರ್ಪುಳಿ (ಕೋಕಂ) ಸಿಪ್ಪೆ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ಮೈಗೆ ಹೋಗುವುದು ಬಹಳ ಕಡಿಮೆ. ನನ್ನ ಮಟ್ಟಿಗೆ ಅವುಗಳ ಜಾಗ ಮಸಾಲೆಯಲ್ಲಿ. ಅಲ್ಲಿ ಮಾಂಸಕ್ಕೆ ನೇರ ತಾಗಿ ಕಮಟನ್ನು ನಿಜಕ್ಕೂ ತಡೆಯುತ್ತವೆ.

ಅದಕ್ಕೇ ಮೇವಿನ ಬದಲಾವಣೆ ಫಲಿಸಿತೇ ಎಂದು ನೋಡುವ ಪರೀಕ್ಷೆಗೆ ಬಾಫಾತ್ ಪುಡಿ (ಹಂದಿ ಮಾಂಸದ ಮಸಾಲೆ) ಹಾಕಬಾರದು. ಬೆನ್ನಿನ ಮಾಂಸದ ತುಂಡನ್ನು ಬರೀ ನೀರಿನಲ್ಲಿ ಬೇಯಿಸಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ಮುಚ್ಚಿದ ಪಾತ್ರೆಯಲ್ಲಿ ಬಿಸಿ ಮಾಡಿ, ಮುಚ್ಚಳ ತೆಗೆದ ಕೂಡಲೇ ಮೂಸಿ. ಹಳೇ ಮೇವಿನ ಹಂದಿಯ ತುಂಡು ಪಕ್ಕದಲ್ಲಿದ್ದರೆ ವ್ಯತ್ಯಾಸ ತಿಳಿಯುತ್ತದೆ. ಇನ್ನೊಂದು, ನೀರು ಬಿಡುವ ಪರೀಕ್ಷೆ: 100 ಗ್ರಾಂ ಹಸಿ ತುಂಡನ್ನು ಪ್ಲಾಸ್ಟಿಕ್ ಚೀಲದೊಳಗೆ ದಾರದಲ್ಲಿ ತೂಗುಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ತೂಗಿ. 2-3 ಗ್ರಾಂ ಇಳಿದರೆ ಸರಿ. 5 ದಾಟಿ ಮಾಂಸವೂ ಬಿಳಿಚಿಕೊಂಡಿದ್ದರೆ ತಪ್ಪು ಹೆಚ್ಚಾಗಿ ಮೇವಿನದ್ದಲ್ಲ, ಸಾಗಾಟದ್ದು. ಮಧ್ಯಾಹ್ನದ ಬಿಸಿಲಿನಲ್ಲಿ ಟೆಂಪೋದಲ್ಲಿ ತುಂಬಿ ತಂದು ಇಳಿಸಿದ ಕೂಡಲೇ ಕೊಯ್ದರೆ, ಮೈ ಬಿಸಿ ಇರುವಾಗಲೇ ಮಾಂಸ ಆಮ್ಲೀಯವಾಗಿ ನೀರು ಬಿಡುತ್ತದೆ. ಅದಕ್ಕೆ ವಿಟಮಿನ್ ಮದ್ದಲ್ಲ. ನಸುಕಿನಲ್ಲೇ ಸಾಗಿಸಿ, ನೀರು ಕೊಟ್ಟು, ಎರಡು ಗಂಟೆಯಾದರೂ ಮಲಗಲು ಬಿಡಬೇಕು.

ಕ್ರಿಸ್‌ಮಸ್‌ಗೆಂದು ಫ್ರೀಜರಿನಲ್ಲಿಡುವವರಿಗೂ ಒಂದು ಮಾತು ಹೇಳಿಯೇ ಕೊಡುತ್ತೇವೆ: ಉಪ್ಪು ಹಚ್ಚಿ ಇಡಬೇಡಿ, ಉಪ್ಪು ಕಮಟನ್ನು ಬೇಗ ತರುತ್ತದೆ. ಗಾಳಿ ಹೋಗದಂತೆ ಬಿಗಿಯಾಗಿ ಸುತ್ತಿ, ಉಪ್ಪು ಹಚ್ಚುವುದು ಬೇಯಿಸುವ ದಿನ.