ಆಯುಧಪೂಜೆಗೆ ಫಿಲ್ಟರ್ ತೊಳೆದು ಕೆಟ್ಟೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಾಲಿನಲ್ಲಿ 40 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಎರಡು ಕ್ಲೌನ್ ಮೀನು, ಒಂದು ಸೀಗಡಿ, ಒಂದಿಷ್ಟು ಕಲ್ಲು, ಅಷ್ಟೇ ಸಂಸಾರ. ಅದನ್ನಿಟ್ಟು ನಾಲ್ಕು ತಿಂಗಳಾಗಿತ್ತು, ಆಯುಧಪೂಜೆ ಬಂತು. ಸ್ಕೂಟರ್, ಮಿಕ್ಸಿ, ಅಮ್ಮನ ಈಳಿಗೆಮಣೆ ಎಲ್ಲ ತೊಳೆದಾಯ್ತು. ಕೈ ಹೇಗೂ ಒದ್ದೆಯಾಗಿತ್ತಲ್ಲ, ಟ್ಯಾಂಕಿನ ಬೆನ್ನಿಗೆ ನೇತುಹಾಕಿದ್ದ ಫಿಲ್ಟರನ್ನೂ ಬಿಚ್ಚಿ ನಲ್ಲಿ ಕೆಳಗೆ ಹಿಡಿದೆ. ಸ್ಪಂಜನ್ನು ತಿಳಿನೀರು ಬರುವವರೆಗೆ ಹಿಂಡಿದೆ. ಪಿಂಗಾಣಿ ಉಂಗುರಗಳನ್ನು ಹಳೇ ಟೂತ್‌ಬ್ರಷ್ಷಿನಲ್ಲಿ ಒಂದೊಂದಾಗಿ ಉಜ್ಜಿದೆ. ಇದ್ದಿಲಿನ ಚೀಲವನ್ನೂ ಬದಲಾಯಿಸಿ, ಫಿಲ್ಟರಿಗೆ ಕುಂಕುಮದ ಬೊಟ್ಟಿಟ್ಟೆ.

ಮಾರನೇ ದಿನ ಜಂಬೂಸವಾರಿ ನೋಡಿಕೊಂಡು ಮನೆಗೆ ಬಂದರೆ ಎರಡೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. "ದೃಷ್ಟಿ ಆಯ್ತೇನೋ ಅವಕ್ಕೆ" ಅಂದರು ಅಮ್ಮ. ಟೆಸ್ಟ್ ಕಿಟ್ಟಿನ ಟ್ಯೂಬಿಗೆ ಹನಿ ಬಿಟ್ಟೆ. ಹಳದಿ ಇರಬೇಕಾದ ನೀರು ಹಸಿರಿಗೆ ತಿರುಗಿತು. ಅಮೋನಿಯ.

ನಾನು ಕೊಳೆ ಅಂದುಕೊಂಡು ಉಜ್ಜಿದ ಕಂದು ಲೋಳೆಯೇ ಫಿಲ್ಟರಿನ ಜೀವ. ಮೀನಿನ ಹೇಲು, ಮಿಕ್ಕ ತಿಂಡಿಯಿಂದ ಬರುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಇವು ಉಪ್ಪಿನಲ್ಲೇ ಬೆಳೆದವು. ನಮ್ಮ ನಲ್ಲಿಯ ಕಾವೇರಿ ನೀರು ಕುಡಿಯೋಕೆ ಎಷ್ಟೇ ಚೆನ್ನಾಗಿರಲಿ, ಅವಕ್ಕೆ ಅದು ಸಿಹಿನೀರು, ಮೇಲಿಂದ ಕ್ಲೋರಿನ್ ಬೇರೆ. ಹಳೇ ಟ್ಯಾಂಕಾಗಿದ್ದರೆ ಕಲ್ಲುಗಳಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾ ಹೇಗೋ ಸಂಭಾಳಿಸುತ್ತಿತ್ತು. ನನ್ನದು ಎಳೇ ಟ್ಯಾಂಕು, ಭಾರವೆಲ್ಲ ಫಿಲ್ಟರಿನ ಮೇಲೇ ಇತ್ತು. ಉಪ್ಪುನೀರಿನ ಪಿಎಚ್ 8ರ ಮೇಲೆ ಇರುವುದರಿಂದ ಅಷ್ಟೇ ಅಮೋನಿಯ ಇಲ್ಲಿ ಜಾಸ್ತಿ ವಿಷ.

ನೀರು ಬದಲಾಯಿಸೋಣವೆಂದರೆ ಬೆರೆಸಿಟ್ಟ ಉಪ್ಪುನೀರು ಒಂದು ಲೋಟವೂ ಮನೆಯಲ್ಲಿರಲಿಲ್ಲ. ಮಂಗಳೂರಿನಲ್ಲಿದ್ದಿದ್ದರೆ ಕಡಲಾದರೂ ಹತ್ತಿರವಿರುತ್ತಿತ್ತು. ರಾತ್ರಿ ಹತ್ತು ಗಂಟೆಗೆ ಬಕೆಟ್ಟಿನಲ್ಲಿ ಉಪ್ಪು ಕದಡುತ್ತಾ ಕೂತೆ. ಬೆಳಗಾಗುವಷ್ಟರಲ್ಲಿ ದೊಡ್ಡ ಮೀನು ಹೋಗಿತ್ತು.

ಈಗ 20 ಲೀಟರಿನ ಕ್ಯಾನ್ ಯಾವಾಗಲೂ ತಯಾರಿರುತ್ತದೆ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಉಪ್ಪುನೀರಿನ ಅಕ್ವೇರಿಯಂಗೆಂದೇ ಬರುವ ಉಪ್ಪು (ಮರೀನ್ ಸಾಲ್ಟ್) ಹಾಕಿ, ಪುಟ್ಟ ಪಂಪ್ ಬಿಟ್ಟು ಒಂದಿಡೀ ದಿನ ತಿರುಗಿಸುತ್ತೇನೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ತೋರಿಸಬೇಕು, ಬಿಸಿ ಟ್ಯಾಂಕಿನಷ್ಟೇ ಇರಬೇಕು. ಇದಿಲ್ಲದೆ ಫಿಲ್ಟರ್ ಬಿಚ್ಚುವುದೇ ಇಲ್ಲ.

ಕ್ಲೀನ್ ಮಾಡುವ ದಿನ ಮೊದಲು ಹೀಟರ್ ಆಫ್. ಮಟ್ಟ ಇಳಿದು ಹೀಟರ್ ನೀರಿನಿಂದ ಹೊರಗೆ ಬಂದರೆ ಅದರ ಗಾಜು ಸೀಳಬಹುದು. ಆಮೇಲೆ ಟ್ಯಾಂಕಿನಿಂದ ನಾಲ್ಕು ಲೀಟರ್ ನೀರನ್ನು ಬೇಸಿನ್ನಿಗೆ ತೆಗೆದು, ಸ್ಪಂಜನ್ನು ಅದರಲ್ಲೇ ನಾಲ್ಕೈದು ಸಲ ಹಿಂಡುತ್ತೇನೆ. ಬೇಸಿನ್ ನೀರು ಕಾಫಿ ಬಣ್ಣಕ್ಕೆ ಬರುತ್ತದೆ, ಸ್ಪಂಜೂ ಕಂದಾಗೇ ಉಳಿಯುತ್ತದೆ. ಉಳಿಯಲಿ, ನೀರು ಸಲೀಸಾಗಿ ಹಾದರೆ ಸಾಕು. ಸ್ಪಂಜ್ ತೊಳೆದ ವಾರ ಉಂಗುರ ಮುಟ್ಟಲ್ಲ, ಇದ್ದಿಲು ಬದಲಾಯಿಸಿದ ವಾರ ಸ್ಪಂಜ್ ಮುಟ್ಟಲ್ಲ. ಉಂಗುರಗಳನ್ನು ಎರಡು ಬಲೆ ಚೀಲಕ್ಕೆ ಹಂಚಿ ಒಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ಒಂದು ಚೀಲ ಮಾತ್ರ ಬೇಸಿನ್ನಿನಲ್ಲಿ ಅಲ್ಲಾಡಿಸುತ್ತೇನೆ, ಮುಂದಿನ ಸಲ ಇನ್ನೊಂದು.

ಪಂಪಿನ ಚಕ್ರ ಗುರ್ರ್ ಅನ್ನತೊಡಗಿದರೆ ಬಿಳೀ ಸುಣ್ಣ ಕಟ್ಟಿದೆ ಅಂತ. ನೀರು ಬೆರೆಸಿದ ವಿನೆಗರಿನಲ್ಲಿ ನೆನೆಸಿ ಚೆನ್ನಾಗಿ ತೊಳೆದರೆ ಆಯ್ತು.

ನಾನು ಎರಡು ಸಲ ಎಡವಿದ ಜಾಗ ಇನ್ನೊಂದಿದೆ. ಟ್ಯಾಂಕಿನ ಗಾಜಿಗೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ. ಏಪ್ರಿಲ್ ಬಿಸಿಲಿಗೆ ನೀರು ಗೆರೆಯಿಂದ ದಿನದಿನವೂ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಇರುತ್ತದೆ, ಆದ್ದರಿಂದ ಅಲ್ಲಿಗೆ ಬರೀ ಆರ್‌ಒ ನೀರು. ಆದರೆ ಬೇಸಿನ್ನಿಗೆ ತೆಗೆದ ನಾಲ್ಕು ಲೀಟರ್ ಜೊತೆ ಉಪ್ಪೂ ಹೋಯ್ತಲ್ಲ? ಅದರ ಬದಲಿಗೂ ಆರ್‌ಒ ಸುರಿದರೆ 35ರಲ್ಲಿದ್ದ ಉಪ್ಪಿನಂಶ ಒಂದೇ ಏಟಿಗೆ 31.5ಕ್ಕೆ ಬೀಳುತ್ತದೆ. ಮೀನು ಹೇಗೋ ತಡೆದುಕೊಂಡೀತು, ಸೀಗಡಿ ತಡೆಯಲ್ಲ. ಅದಕ್ಕೇ ಮೊದಲು ಆರ್‌ಒ ಹಾಕಿ ಗೆರೆಗೆ ತರುತ್ತೇನೆ, ಆಮೇಲೆ ನೀರು ತೆಗೆಯುತ್ತೇನೆ, ಕೊನೆಗೆ ಕ್ಯಾನಿನಿಂದ ಅಷ್ಟೇ ಅಳೆದು ಹಾಕುತ್ತೇನೆ.

ಇಷ್ಟೂ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು. ಮಧ್ಯೆ ಕರೆಂಟ್ ಹೋದರೆ ಉಂಗುರಗಳನ್ನು ನಿಂತ ನೀರಿನ ಫಿಲ್ಟರಿನೊಳಗೆ ಬಿಡದೆ ಟ್ಯಾಂಕಿನೊಳಗೇ ಇಳಿಬಿಟ್ಟು, ಬ್ಯಾಟರಿಯ ಏರ್‌ಪಂಪ್ ಹಚ್ಚುತ್ತೇನೆ. ಆ ದಿನ ಮೀನಿಗೆ ಅರ್ಧ ಹೊಟ್ಟೆ ಊಟ. ಮಾರನೇ ದಿನ, ಅದರ ಮಾರನೇ ದಿನ ಹನಿ ಬಿಟ್ಟು ನೋಡುತ್ತೇನೆ. ಎರಡು ದಿನವೂ ಟ್ಯೂಬ್ ಹಳದಿಯಾಗೇ ಇದ್ದರೆ ಮಾಮೂಲಿ ತಿಂಡಿ ಶುರು.