ಒಗ್ಗರಣೆ, ಮಿರ್ಚಿ, ನಂತರ ಕಲ್ಲಿನ ಕೊಡಲಿ: ಬಳ್ಳಾರಿಯಲ್ಲಿ ಮನೆಮಂದಿಯ ಬೆಳಗಿನ ಸುತ್ತಾಟಕ್ಕೆ ಸಿದ್ಧತೆ ಹೇಗೆ?

ವಸ್ತುಸಂಗ್ರಹಾಲಯದ ಆವರಣದಲ್ಲಿಯೇ ಉಪಾಹಾರ ಗೃಹವಿದ್ದು, ತಿಂಡಿ ಮುಗಿಸಿ ಹಾಗೆಯೇ ಒಳಗೆ ನಡೆಯುವ ಅನುಕೂಲ ದೊಡ್ಡ ನಗರಗಳ ಕೆಲವು ಕಡೆ ಇದೆ. ಬಳ್ಳಾರಿಯವರು ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಊರಿನ ಯಾವುದಾದರೂ ಒಳ್ಳೆಯ ಒಗ್ಗರಣೆ ಅಂಗಡಿಯನ್ನೂ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವನ್ನೂ ಒಂದೇ ಬೆಳಗಿನಲ್ಲಿ ಜೋಡಿಸಿಕೊಂಡರೆ ಸಾಕು.

ಮೊದಲು ನಿರ್ಧರಿಸಬೇಕಾದದ್ದು ವೇಳೆಯನ್ನು. ಸಂಗ್ರಹಾಲಯ ಆ ದಿನ ತೆರೆದಿರುತ್ತದೆಯೇ, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ ಎಂಬುದನ್ನು ಹಿಂದಿನ ದಿನವೇ ವಿಚಾರಿಸಿಕೊಂಡು, ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ತಿಂಡಿಗೆ ಕುಳಿತುಕೊಳ್ಳುವಂತೆ ಮನೆಯಿಂದ ಹೊರಡಬೇಕು. ಅಜ್ಜ ಅಜ್ಜಿಯರು ಜೊತೆಗಿದ್ದರೆ, ನಿಂತು ತಿನ್ನುವ ಬಂಡಿಗಿಂತ ಕುಳಿತುಕೊಳ್ಳಲು ಬೆಂಚು ಮತ್ತು ಕೈತೊಳೆಯಲು ನೀರು ಇರುವ ಅಂಗಡಿಯನ್ನೇ ಆರಿಸುವುದು ಮೇಲು.

ತಿಂಡಿಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ, ಶೇಂಗಾಗಳ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕದಲ್ಲಿ ಬಿಸಿ ಮಿರ್ಚಿ ಇಟ್ಟರೆ ಅದೇ ಈ ಭಾಗದ ಬೆಳಗು. ಮಂಡಕ್ಕಿ ಆರಿದಷ್ಟೂ ರುಚಿ ಕೆಡುವುದರಿಂದ ಎಲ್ಲರಿಗೂ ಒಮ್ಮೆಲೇ ಹೇಳದೆ, ಕುಳಿತವರಿಗೆ ಕುಳಿತಂತೆ ತರಿಸಿಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಮಿರ್ಚಿ ಬದಲು ಇಡ್ಲಿ ಸಾಕು. ಖಾರ ತಿಂದು ನೀರಿಗಾಗಿ ಅಳುವ ಮಗುವನ್ನು ಕರೆದುಕೊಂಡು ಯಾವ ಕಪಾಟನ್ನೂ ನೆಮ್ಮದಿಯಾಗಿ ನೋಡಲಾಗದು.

ತಟ್ಟೆ ಖಾಲಿಯಾಗುವ ಮುನ್ನ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: ಇದರಲ್ಲಿರುವ ಯಾವ ಪದಾರ್ಥ ನಾಲ್ಕು ಸಾವಿರ ವರ್ಷಗಳ ಹಿಂದೆ ಬಳ್ಳಾರಿಯ ಅಂಚಿನ ಸಂಗನಕಲ್ಲಿನ ಗುಡ್ಡದ ಮೇಲೆ ನೆಲೆಸಿದ್ದವರಿಗೆ ಗೊತ್ತಿರಲಾರದು? ಮೆಣಸಿನಕಾಯಿ ಮತ್ತು ಶೇಂಗಾ ಎರಡೂ ಅಮೆರಿಕ ಖಂಡದ ಬೆಳೆಗಳು. ಯುರೋಪಿನ ಹಡಗುಗಳು ಈ ಸಮುದ್ರಕ್ಕೆ ಬಂದ ನಂತರವೇ ಅವು ನಮ್ಮ ನೆಲಕ್ಕೆ ಬಂದವು. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕಿರುವ ಸುಟ್ಟ ಕಾಳುಗಳು ಹುರುಳಿ, ಹೆಸರು ಮತ್ತು ಕೊರಲೆಯಂತಹ ಸಣ್ಣ ಸಿರಿಧಾನ್ಯಗಳವು. ಆ ಜನರು ದನ ಸಾಕುತ್ತಿದ್ದರು ಎಂಬುದಕ್ಕೆ, ಸಗಣಿ ಸುಟ್ಟು ಬೆಳೆದ ಬೂದಿದಿಬ್ಬಗಳೇ ಸಾಕ್ಷಿ. ಹೊಸಪೇಟೆ ರಸ್ತೆಯ ಕುಡತಿನಿಯ ಬಳಿ ಅಂತಹ ಒಂದು ಪ್ರಸಿದ್ಧ ದಿಬ್ಬವಿದೆ. ಈ ಮಾತು ತಿಂಡಿಯ ಹೊತ್ತಿನಲ್ಲಿಯೇ ಆಗಿಬಿಟ್ಟರೆ ಒಳಗಿನ ಮಡಕೆ ಚೂರುಗಳು ಮಕ್ಕಳಿಗೆ ಬರೀ ಚೂರುಗಳಾಗಿ ಕಾಣುವುದಿಲ್ಲ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡುವ ಹಟ ಬೇಡ. ಕಲ್ಲಿನ ಉಪಕರಣಗಳ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಸಂಗನಕಲ್ಲು ಮತ್ತು ಅದರ ಪಕ್ಕದ ಕಪ್ಪಗಲ್ಲಿನ ಗುಡ್ಡಗಳು ಡೊಲೆರೈಟ್ ಎಂಬ ಗಟ್ಟಿ ಕಪ್ಪು ಕಲ್ಲಿನಿಂದ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಸ್ಥಳಗಳು. ಮೊದಲು ಒರಟಾಗಿ ಕೆತ್ತಿದ ಕಲ್ಲು, ನಂತರ ಅಂಚು ಸಣ್ಣಗೆ ಕುಟ್ಟಿದ್ದು, ಕೊನೆಗೆ ಉಜ್ಜಿ ನುಣುಪಾಗಿಸಿದ್ದು: ಈ ಮೂರು ಹಂತಗಳನ್ನು ಗುರುತಿಸಲು ಮಕ್ಕಳಿಗೇ ಬಿಡಿ. ಹೆಸರಿನಲ್ಲಿರುವ ಬ್ರೂಸ್ ಫೂಟ್ (1834–1912) ಭೂವಿಜ್ಞಾನಿ. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದವರು, ಬಳ್ಳಾರಿ ಸೀಮೆಯಲ್ಲಿಯೂ ಬಹಳ ಅಲೆದವರು. ಅವರ ಸ್ವಂತ ಸಂಗ್ರಹ ಇರುವುದು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಎಂಬುದನ್ನು ಮೊದಲೇ ತಿಳಿದಿದ್ದರೆ, ಇಲ್ಲಿ ಅದನ್ನು ಹುಡುಕುವ ಶ್ರಮ ಉಳಿಯುತ್ತದೆ.

ಇನ್ನು ಗುಡ್ಡ. ಊರ ಅಂಚಿನಲ್ಲಿಯೇ ಇರುವುದರಿಂದ ಸಂಗ್ರಹಾಲಯದಿಂದ ನೇರವಾಗಿ ಅಲ್ಲಿಗೆ ಹೋಗುವ ಆಸೆಯಾಗುವುದು ಸಹಜ. ಆದರೆ ಅದನ್ನು ನವೆಂಬರಿನಿಂದ ಜನವರಿಯವರೆಗೆ ಮಾತ್ರ ಇಟ್ಟುಕೊಳ್ಳಿ. ಬಳ್ಳಾರಿಯ ಬಿಸಿಲಿಗೆ ಏಪ್ರಿಲ್‌ನ ಬಂಡೆ ಹತ್ತು ಗಂಟೆಗೇ ಕಾಯುತ್ತದೆ. ಬೇಸಿಗೆಯಲ್ಲಿ ಹೋಗಲೇಬೇಕೆಂದರೆ ಕ್ರಮವನ್ನು ತಿರುಗಿಸಿ, ಬೆಳಕು ಹರಿಯುತ್ತಲೇ ಗುಡ್ಡ, ನಂತರ ತಿಂಡಿ, ಕೊನೆಗೆ ಸಂಗ್ರಹಾಲಯ ಎಂದು ಮಾಡಿಕೊಳ್ಳಬಹುದು. ನೋಡಿದ್ದು ಏನೆಂಬುದು ಮಕ್ಕಳಿಗೆ ತಡವಾಗಿ ತಿಳಿಯುತ್ತದೆ, ಅಷ್ಟೇ. ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೋಡಿನ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಅಲ್ಲಿವೆ. ಕಲ್ಲು ಗಣಿಗಾರಿಕೆಯಿಂದ ಈ ನೆಲೆ ಈಗಾಗಲೇ ಪೆಟ್ಟು ತಿಂದಿದೆ. ಆದ್ದರಿಂದ ಬಂಡೆಯನ್ನು ಬಡಿದು ನೋಡುವ ಪ್ರಯೋಗವನ್ನು ಮಕ್ಕಳಿಗೆ ಬಿಡದೆ, ಮಾತಿನಲ್ಲಿ ಹೇಳಿ ಮುಗಿಸುವುದು ಸರಿ.

ನೆಲದ ಮೇಲೆ ಕೊಡಲಿಯಂತೆ ಕಾಣುವ ಕಲ್ಲು ಮಗುವಿನ ಕಣ್ಣಿಗೆ ಬಿದ್ದರೆ ಅದನ್ನು ಎತ್ತಿಕೊಳ್ಳಲು ಬಿಡಬಾರದು. ಯಾವ ಜಾಗದಲ್ಲಿ, ಯಾವುದರ ಪಕ್ಕದಲ್ಲಿ ಅದು ಬಿದ್ದಿತ್ತು ಎಂಬುದೇ ಪುರಾತತ್ವಜ್ಞರಿಗೆ ಮುಖ್ಯ. ಅಳತೆಗಾಗಿ ಪಕ್ಕದಲ್ಲಿ ಮನೆಯ ಕೀಲಿಕೈ ಇಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು, ಕಲ್ಲನ್ನು ಇದ್ದಲ್ಲಿಯೇ ಬಿಟ್ಟು, ಆ ಚಿತ್ರವನ್ನು ಸಂಗ್ರಹಾಲಯದ ಸಿಬ್ಬಂದಿಗೆ ತೋರಿಸಬಹುದು.