ಫ್ಯಾನ್ ಕಾಯಿಲ್‌ಗೆ ತಣ್ಣೀರಿನ ಪೈಪ್: ಉಡುಪಿಯ ಮಳೆಗಾಲವನ್ನು ತಾಳಿಕೊಳ್ಳುವ ಹಾಗೆ

ಉಡುಪಿಯ ಮನೆಯೊಂದರ ಎರಡು ಕೋಣೆಗೆ ತಲಾ ಒಂದು ಟನ್ನಿನ ಫ್ಯಾನ್ ಕಾಯಿಲ್ (ತಣ್ಣೀರು ಹರಿಯುವ ಸುರುಳಿಯ ಮೇಲೆ ಗಾಳಿ ಬೀಸಿ ಕೋಣೆ ತಂಪು ಮಾಡುವ ಯೂನಿಟ್) ಕೂರಿಸಿ, ಆ ನೀರನ್ನು ತಣಿಸುವ ಯಂತ್ರವಾದ ಹೀಟ್ ಪಂಪ್‌ಗೆ ಜೋಡಿಸಿದ ಕ್ರಮ ಇದು. ನೀರು 7 ಡಿಗ್ರಿಯಲ್ಲಿ ಹೋಗಿ 12ರಲ್ಲಿ ಮರಳುವ ಲೆಕ್ಕ. ಆಗ ಟನ್ನಿಗೆ ನಿಮಿಷಕ್ಕೆ 10 ಲೀಟರ್ ಹರಿಯಬೇಕು. ಮುಖ್ಯ ಲೈನಿಗೆ 32 ಎಂಎಂ ಪಿಪಿಆರ್ (ಒಂದು ಬಗೆಯ ಪ್ಲಾಸ್ಟಿಕ್) ಪೈಪ್, ಕೋಣೆಯ ಕವಲಿಗೆ 25 ಹಾಕಿದೆ. ಪಿಎನ್ 20 ಒತ್ತಡ ದರ್ಜೆಯ 25ರ ಪೈಪಿನ ಒಳವ್ಯಾಸ 16.6 ಎಂಎಂ ಮಾತ್ರ. ಎರಡೂ ಕೋಣೆಯ 20 ಲೀಟರನ್ನೂ ಅದರಲ್ಲೇ ತಳ್ಳಿದರೆ ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ದಾಟಿ ನೀರಿನ ಪಂಪಿಗೆ ಭಾರ, ರಾತ್ರಿ ಸದ್ದು.

ಕರೆಂಟ್ ಉಳಿಯುತ್ತದೆಂದು ನೀರನ್ನು 16 ಡಿಗ್ರಿಗೆ ಇಡುವ ಸಲಹೆ ಕರಾವಳಿಗೆ ಹೊಂದದು. ಕೋಣೆ ತಂಪಾದರೂ ಗಾಳಿಯ ತೇವ ಸಾಕಷ್ಟು ಇಳಿಯುವುದಿಲ್ಲ, ಸೆಖೆ ಹಾಗೇ ಉಳಿಯುತ್ತದೆ.

ರಿಟರ್ನ್ ಲೈನಿನಲ್ಲಿ, ನೀರಿನ ಪಂಪಿಗೆ ಮೊದಲು ಕಸ ಹಿಡಿಯುವ ಜಾಲರಿ, ಅಂದರೆ ವೈ ಸ್ಟ್ರೈನರ್ ಬೇಕೇ ಬೇಕು. ಅದರಲ್ಲಿ ಕಸ ತುಂಬಿ ಹರಿವು ಕುಗ್ಗಿದರೆ ಹೀಟ್ ಪಂಪಿನೊಳಗೆ ನೀರನ್ನು ತಣಿಸುವ ಪ್ಲೇಟ್ ಎಕ್ಸ್‌ಚೇಂಜರ್‌ನಲ್ಲಿ ನೀರು ಹೆಪ್ಪುಗಟ್ಟಿ ಅದು ಒಡೆಯಬಹುದು. ಹರಿವು ಕುಗ್ಗಿದರೆ ಯಂತ್ರ ನಿಲ್ಲಿಸುವ ಫ್ಲೋ ಸ್ವಿಚ್ ಇರುವುದು ಇದಕ್ಕೇ. ಅದನ್ನು ಬೈಪಾಸ್ ಮಾಡಬೇಡಿ. ತಣ್ಣೀರು ಕೂಡಿಡಲು 50 ಲೀಟರಿನ ಬಫರ್ ಟ್ಯಾಂಕ್ ಇಟ್ಟೆ, ಇಲ್ಲದಿದ್ದರೆ ರಾತ್ರಿ ಒಂದೇ ಕೋಣೆ ನಡೆಯುವಾಗ ಕಂಪ್ರೆಸರ್ ಪದೇ ಪದೇ ನಿಂತು ಶುರುವಾಗುತ್ತದೆ. ಎತ್ತರದ ತುದಿಯಲ್ಲಿ, ಪೈಪಿನೊಳಗಿನ ಗಾಳಿ ಹೊರಬಿಡಲು ಏರ್ ವೆಂಟ್.

ಪ್ರತಿ ಕಾಯಿಲ್‌ಗೂ ಮೋಟಾರ್ ವಾಲ್ವ್ ಹಾಕಿ, ಫ್ಯಾನ್ ಜೊತೆಗೇ ಅದು ಮುಚ್ಚುವಂತೆ ವೈರಿಂಗ್ ಮಾಡಿದೆ. ಫ್ಯಾನ್ ನಿಂತು ನೀರು ಹರಿಯುತ್ತಲೇ ಇದ್ದರೆ ಯೂನಿಟ್ಟಿನ ಹೊರಮೈ ಬೆವರಿ ಗೋಡೆಗೆ ಇಳಿಯುತ್ತದೆ. ವಾಲ್ವ್ ಮುಚ್ಚಿ ಫ್ಯಾನ್ ತಿರುಗುತ್ತಿದ್ದರೆ ಕಾಯಿಲ್ ಹಿಂಡಿದ ತೇವವೇ ಆರಿ ಕೋಣೆಗೆ ವಾಪಸ್. ಎರಡೂ ವಾಲ್ವ್ ಒಟ್ಟಿಗೆ ಮುಚ್ಚಿದಾಗ ನೀರಿಗೆ ದಾರಿ ಇರಲೆಂದು ಕೊನೆಯ ಕಾಯಿಲ್‌ಗೆ ಮಾತ್ರ ಮೂರು ದಾರಿಯ ವಾಲ್ವ್.

ಒಂದು ಟನ್ನಿನ ಕಾಯಿಲ್ ಗಂಟೆಗೆ ಒಂದೂವರೆ ಲೀಟರಿನಷ್ಟು ನೀರು ಸುರಿಸಬಹುದು. ಡ್ರೈನ್ ಪೈಪಿಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟೆ. ಇದಕ್ಕೂ ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಬೇಕು, ಬಹಳ ಮಂದಿ ಬಿಡುವುದು ಇದನ್ನೇ.

ನಿಜವಾದ ಕೆಲಸ ಇನ್ಸುಲೇಶನ್ನಿನದು. ಜುಲೈಯಲ್ಲಿ ಗಾಳಿ 28 ಡಿಗ್ರಿ, ಆರ್ದ್ರತೆ ಶೇ. 90 ಇದ್ದರೆ 26 ಡಿಗ್ರಿಯ ಮೈಗೂ ನೀರು ಕಟ್ಟುತ್ತದೆ. ಅಂದರೆ ಇನ್ಸುಲೇಶನ್ನಿನ ಹೊರಮೈ ಗಾಳಿಗಿಂತ ತಣ್ಣಗಾಗಲು ನಮಗೆ ಸಿಗುವ ಅವಕಾಶ ಎರಡು ಡಿಗ್ರಿಯೂ ಇಲ್ಲ. ಅಂಗಡಿಯವರು ಕೊಡುವ 19 ಎಂಎಂ ನೈಟ್ರೈಲ್ ರಬ್ಬರ್ ಇಲ್ಲಿ ಸಾಲದು, 32 ಹಾಕಿದೆ. ಸೀಳಿದ ಅಂಚು, ಕೀಲು, ಎಲ್ಬೋಗಳನ್ನು ಅಂಟಿನಿಂದಲೇ ಮುಚ್ಚಬೇಕು, ಬರೀ ಟೇಪ್ ಮಳೆಗಾಲದಲ್ಲಿ ಬಿಡುತ್ತದೆ. ಒಂದು ಕಡೆ ಬಾಯಿ ಬಿಟ್ಟರೂ ಹಬೆ ಒಳನುಗ್ಗಿ ರಬ್ಬರಿನ ಅಡಿಯಲ್ಲೇ ನೀರಾಗಿ, ದೂರದಲ್ಲೆಲ್ಲೋ ತೊಟ್ಟಿಕ್ಕುತ್ತದೆ. ಕ್ಲಾಂಪ್ ಬಿಗಿದು ರಬ್ಬರ್ ಚಪ್ಪಟೆಯಾದಲ್ಲೂ ಬೆವರುತ್ತದೆ. ಅಲ್ಲಿ ಗಟ್ಟಿ ಫೋಮಿನ ಬಳೆ ಕೊಟ್ಟು ಅದರ ಮೇಲೆ ಕ್ಲಾಂಪ್ ಹಾಕಿದೆ. ವಾಲ್ವ್, ಸ್ಟ್ರೈನರ್‌ಗಳ ಮೈಯೂ ಬಿಡುವಂತಿಲ್ಲ.

ಇನ್ಸುಲೇಶನ್ನಿಗೆ ಮೊದಲು 6 ಬಾರ್ ಒತ್ತಡ ಪರೀಕ್ಷೆ, ಯಂತ್ರ ಜೋಡಿಸದೆ. ಪಿಪಿಆರ್ ಸ್ವಲ್ಪ ಹಿಗ್ಗುವುದರಿಂದ ಮೊದಲಿಗೆ ಒತ್ತಡದ ಗೇಜಿನ ಮುಳ್ಳು ಇಳಿಯುತ್ತದೆ. ಮತ್ತೆ ಏರಿಸಿ ಕಾದು ನೋಡಬೇಕು. ಫಾಲ್ಸ್ ಸೀಲಿಂಗ್ ಮುಚ್ಚಿಸುವ ಮುನ್ನ, ಮಳೆ ಹಿಡಿದ ದಿನ 7 ಡಿಗ್ರಿಯಲ್ಲಿ ಇಡೀ ದಿನ ಓಡಿಸಿ, ಪ್ರತಿ ಕೀಲನ್ನೂ ಕೈಯಿಂದ ಮುಟ್ಟಿ ನೋಡಿದೆ.